ಮಕ್ಕಳಿಗೆ ಗೇಮ್ ಶಿಬಿರ, ಬ್ಲಾಕ್ ಕಟ್ಟೋ ಸ್ಪರ್ಧೆ: ನೆಟ್ ಇಲ್ಲದ ಊರಲ್ಲಿ ಹೇಗೆ ಮಾಡೋದು?

ಸಾಗರದ ಟೀಚರ್:
ಎಲ್ರಿಗೂ ನಮಸ್ಕಾರ. ಸಾಗರ ತಾಲೂಕಿನ ಹಳ್ಳಿ ಶಾಲೆ ಟೀಚರ್ ನಾನು. ಏಪ್ರಿಲ್ ರಜೇಲಿ ಐದು ದಿನ ಮಕ್ಕಳಿಗೆ ಗೇಮ್ ಶಿಬಿರ ಮಾಡ್ಬೇಕು ಅಂತಿದೀನಿ, ಬ್ಲಾಕ್ ಜೋಡಿಸಿ ಮನೆ ಊರು ಕಟ್ಟೋ ಥರದ್ದು, ಕೊನೇ ದಿನ ಸ್ಪರ್ಧೆ. ಹಳೇ ಲ್ಯಾಪ್‌ಟಾಪ್ 9 ಇವೆ, ಮಕ್ಕಳು 18, ಐದರಿಂದ ಎಂಟನೇ ಕ್ಲಾಸಿನವರು. ನೆಟ್ ಗುಡ್ಡ ಹತ್ತಿದ್ರೆ ಮಾತ್ರ. ಹೋದ ವರ್ಷ ಎರಡು ದಿನ ಮಾಡಿ ನೋಡಿದ್ದೆ, ಏನ್ ಬೇಕಾದ್ರೂ ಕಟ್ಟಿ ಅಂದೆ, ಅರ್ಧ ಮಕ್ಕಳು ಗುಂಡಿ ತೋಡ್ತಾ ಕೂತ್ರು, ಒಂದಿಬ್ರು ಬೇರೆಯವರು ಕಟ್ಟಿದ್ದನ್ನ ಕೆಡವಿದ್ರು. ಆರನೇ ಕ್ಲಾಸಿನ ಹುಡುಗಿ ಒಬ್ಳು ಬೆಳಗ್ಗಿಂದ ಕಟ್ಟಿದ್ದ ಮನೆ, ಊಟ ಮಾಡಿ ಕೈ ತೊಳ್ಕೊಂಡು ಬರೋಷ್ಟರಲ್ಲಿ ಇರ್ಲಿಲ್ಲ. ಅವಳು ಅಳ್ಲೂ ಇಲ್ಲ, ಸುಮ್ನೆ ಬ್ಯಾಗ್ ತಗೊಂಡು ಹೋದ್ಲು. ಅದು ಇನ್ನೂ ನನ್ನ ಮನಸ್ಸಿಂದ ಹೋಗಿಲ್ಲ. ಈ ಸಲ ಹಾಗಾಗಬಾರದು. ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.

ಶಿವಮೊಗ್ಗ ಲ್ಯಾಬ್:
ಟೀಚರೇ, ನೆಟ್ ಇಲ್ಲ ಅಂತ ತಲೆ ಕೆಡಿಸ್ಕೋಬೇಡಿ. ಲುವಾಂಟಿ ಅಂತ ಬ್ಲಾಕ್ ಕಟ್ಟೋ ಆಟದ ಸಾಫ್ಟ್‌ವೇರ್ ಇದೆ, ಅದನ್ನ ಹಾಕಿ, ಮುಂಚೆ ಮೈನ್‌ಟೆಸ್ಟ್ ಅಂತಿತ್ತಲ್ಲ ಅದೇ, 2024ರಲ್ಲಿ ಹೆಸರು ಬದಲಾಯ್ತು. ಪೂರ್ತಿ ಉಚಿತ, ಮಕ್ಕಳಿಗೆ ಇಮೇಲು ಅಕೌಂಟು ಏನೂ ಬೇಡ, ಹಳೇ ಮಿಷನ್ನಲ್ಲೂ ಓಡುತ್ತೆ. ಒಂದು ನೆನಪಿಟ್ಕೊಳ್ಳಿ, ಬರೀ ಲುವಾಂಟಿ ಹಾಕಿದ್ರೆ ಒಳಗೆ ಆಟ ಇರಲ್ಲ, ಮೈನ್‌ಟೆಸ್ಟ್ ಗೇಮ್ ಅನ್ನೋ ಆಟನ ಬೇರೆ ಇಳಿಸ್ಕೋಬೇಕು, ಸಾಗರ ಪೇಟೇಲಿ ಕೂತು ಒಂದರಲ್ಲಿ ಸೆಟ್ ಮಾಡಿ ಆ ಫೋಲ್ಡರ್ರನ್ನೇ ಪೆನ್‌ಡ್ರೈವಲ್ಲಿ ಬಾಕಿ ಎಂಟಕ್ಕೂ ಕಾಪಿ ಮಾಡಿ. ಶಿಬಿರದಲ್ಲಿ ಒಂದು ಸಾದಾ ವೈಫೈ ರೂಟರ್ ಸಾಕು, ಅದಕ್ಕೆ ನೆಟ್ ಬೇಡ. ಒಂದು ಲ್ಯಾಪ್‌ಟಾಪಲ್ಲಿ ಹೋಸ್ಟ್ ಸರ್ವರ್ ಟಿಕ್ ಮಾಡಿ (ಎಲ್ರೂ ಸೇರೋ ಆಟ ಅದರಲ್ಲೇ ನಡೆಯುತ್ತೆ), ಕ್ರಿಯೇಟಿವ್ ಆನ್ (ಬ್ಲಾಕ್ ಎಷ್ಟು ಬೇಕಾದ್ರೂ ಸಿಗುತ್ತೆ), ಡ್ಯಾಮೇಜ್ ಆಫ್ (ಬಿದ್ರೂ ಸಾಯಲ್ಲ), ಮಿಕ್ಕವರು ಅದರ ಐಪಿ ಅಡ್ರೆಸ್ಸು (ನೆಟ್‌ವರ್ಕಲ್ಲಿ ಆ ಲ್ಯಾಪ್‌ಟಾಪಿನ ನಂಬರ್), ಪೋರ್ಟ್ 30000 ಹಾಕಿ ಸೇರ್ಕೋತಾರೆ. ಸೇರಕ್ಕಾಗ್ಲಿಲ್ಲ ಅಂದ್ರೆ ಮೊದ್ಲು ವಿಂಡೋಸ್ ಫೈರ್‌ವಾಲ್ ತಡೀತಿದೆಯಾ ನೋಡಿ.

ಕೆಡವೋ ವಿಷಯಕ್ಕೆ ಏರಿಯಾಸ್ ಅನ್ನೋ ಮಾಡ್ (ಆಟಕ್ಕೆ ಸೇರಿಸೋ ಚಿಕ್ಕ ಪ್ರೋಗ್ರಾಂ) ಇದೆ. ಒಂದೊಂದು ಜೋಡಿಗೆ ಒಂದೊಂದು ಸೈಟ್ ಬರೆದುಕೊಟ್ರೆ ಬೇರೆಯವರು ಅಲ್ಲಿ ಒಂದು ಇಟ್ಟಿಗೆನೂ ತೆಗೆಯಕ್ಕಾಗಲ್ಲ. ಆದ್ರೂ ಊಟಕ್ಕೆ ಬಿಟ್ಟಾಗ ಸರ್ವರ್ ನಿಲ್ಸಿ ವರ್ಲ್ಡ್ ಫೋಲ್ಡರ್ (ಮಕ್ಕಳು ಕಟ್ಟಿದ್ದೆಲ್ಲ ಅದರಲ್ಲೇ ಇರುತ್ತೆ) ಕಾಪಿ ತೆಗೆದಿಡಿ, ಕರೆಂಟ್ ಹೋದ್ರೂ ಏನ್ ಹೋದ್ರೂ ಆ ಮಗೂ ಮನೆ ಉಳಿಯುತ್ತೆ.

ತೀರ್ಥಹಳ್ಳಿ ಕಡೆಯವನು:
ಮೇಡಂ, ಏನು ಕಟ್ಟಿ ಅಂತ ಹೇಳ್ತೀರಿ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ನಾವು ಎರಡು ಬೇಸಿಗೆ ಮಾಡಿದೀವಿ. ಮೊದಲ ದಿನ ಕಂಪ್ಯೂಟರ್ ಮುಟ್ಟಕ್ಕೇ ಬಿಡಲ್ಲ, ಟೇಪು ಹಗ್ಗ ಕೊಟ್ಟು ಕೊಟ್ಟಿಗೆನೋ ಜಗಲಿನೋ ತೋಟದ ಕಾಲುಸಂಕನೋ ಅಳ್ಕೊಂಡು ಬನ್ನಿ ಅಂತ ಕಳಿಸ್ತೀವಿ. ಒಂದು ಬ್ಲಾಕ್ ಅಂದ್ರೆ ಒಂದು ಮೀಟರ್ ಲೆಕ್ಕ. ಒಬ್ಳು ಹುಡುಗಿ ಮನೆ ಜಗಲಿ ಅಳ್ಕೊಂಡು ಬಂದ್ಲು, ಒಂದೂವರೆ ಅಡಿ ಎತ್ತರ. ಇಡೀ ಬ್ಲಾಕ್ ಇಟ್ರೆ ಅಜ್ಜಿಗೆ ಹತ್ತಕ್ಕಾಗಲ್ಲ ಸಾರ್ ಅಂದ್ಲು, ಆಮೇಲೆ ಅವಳೇ ಹುಡುಕಿ ಸ್ಲ್ಯಾಬ್ ಅಂತ ಅರ್ಧ ಬ್ಲಾಕ್ ಇರುತ್ತಲ್ಲ, ಅದನ್ನ ಸಾಲಾಗಿ ಹಾಕಿ ಜಗಲಿ ಮಾಡಿದ್ಲು, ಹಂಚಿನ ಮಾಡಿಗೆ ಮೆಟ್ಟಿಲು ಬ್ಲಾಕನ್ನ ಇಳಿಜಾರಾಗಿ ಕೂರಿಸಿದ್ಲು. ಅಂಥದ್ದು ಕಟ್ಟೋ ಮಗು ಗುಂಡಿ ತೋಡ್ತಾ ಕೂರಲ್ಲ ಮೇಡಂ.

ದೊಡ್ಡ ಮಕ್ಕಳು ಜೋಗ ಕಟ್ತೀವಿ ಅಂತಾರೆ, ಬಿಡಿ ಕಟ್ಲಿ, ಆದ್ರೆ 253 ಮೀಟರ್ ಅಂದ್ರೆ 253 ಬ್ಲಾಕ್, ಹತ್ತಕ್ಕೊಂದು ಅಳತೇಲಿ ಮಾಡ್ಸಿ. ನಿಮಗೆ ಇಕ್ಕೇರಿ ದೇವಸ್ಥಾನ ಪಕ್ಕದಲ್ಲೇ ಇದೆ, ಒಂದು ಬೆಳಗ್ಗೆ ಕರ್ಕೊಂಡು ಹೋಗಿ ಕಂಬ ಎಣಿಸ್ಕೊಂಡು ಬನ್ನಿ. ಸ್ಪರ್ಧೆ ದಿನ ಜಡ್ಜ್‌ಗಳು ಸುಮ್ನೆ ನೋಡಿ ಮಾರ್ಕ್ಸ್ ಹಾಕೋದು ಬೇಡ, ಕಟ್ಟಿದ ಜೋಡಿನೇ ಪ್ರೊಜೆಕ್ಟರಲ್ಲಿ ಒಳಗೆ ಓಡಾಡಿಸಿ ತೋರಿಸ್ಲಿ, ಬಾಗಿಲು ಇಲ್ಲೇ ಯಾಕೆ ಇಟ್ರಿ ಅಂತ ಕೇಳಿ.

ಭದ್ರಾವತಿ ಅಮ್ಮ:
ನನ್ನ ಮಗ ಇಂಥ ಒಂದು ಸ್ಪರ್ಧೇಲಿ ಸೋತು ಆಮೇಲೆ ಕಟ್ಟೋದೇ ಬಿಟ್ಟ, ಅದಕ್ಕೆ ಹೇಳ್ತೀನಿ, ಐದನೇ ಕ್ಲಾಸಿನವರಿಗೆ ಫಸ್ಟ್ ಸೆಕೆಂಡ್ ಬೇಡ ಮಾರಾಯ್ರೆ. ಮತ್ತೆ ಇಬ್ರಿಗೆ ಒಂದು ಲ್ಯಾಪ್‌ಟಾಪ್ ಅಂದ್ರೆ ಮೌಸ್ ಯಾವಾಗ್ಲೂ ಜೋರು ಇರೋರ ಕೈಯಲ್ಲೇ ಇರುತ್ತೆ. ಹದಿನೈದು ನಿಮಿಷಕ್ಕೊಂದು ಗಂಟೆ ಹೊಡೀರಿ, ಕೈ ಬದಲಾಗ್ಲಿ, ಮೌಸ್ ಇಲ್ಲದವರು ಹಾಳೆ ನೋಡಿ ಅಳತೆ ಹೇಳ್ಲಿ.

ಸಾಗರದ ಟೀಚರ್:
ತುಂಬಾ ತುಂಬಾ ಥ್ಯಾಂಕ್ಸ್. ಗಂಟೆಗೆ ಶಾಲೆ ಗಂಟೆನೇ ಇದೆ. ಫಸ್ಟ್ ಸೆಕೆಂಡ್ ಬಿಟ್ಟೆ, ಎಲ್ಲ ಜೋಡಿಗೂ ಅವರು ಕಟ್ಟಿದ್ದರ ಫೋಟೋ ಪ್ರಿಂಟ್ ಹಾಕಿಸಿ ಕೊಡ್ತೀನಿ. ನಿನ್ನೆ ಸಂಜೆ ಆ ಹುಡುಗಿ ಮನೆಗೂ ಹೋಗಿದ್ದೆ, ಈ ಸಲ ನಿನ್ನ ಸೈಟಿಗೆ ಬೀಗ ಇರುತ್ತೆ ಅಂದೆ. ಟೇಪ್ ಕೊಡಿ ಟೀಚರ್, ಕೊಟ್ಟಿಗೆ ಈಗ್ಲೇ ಅಳೀತೀನಿ ಅಂದ್ಲು.