ಮನೆ ಒಳಗೆ ಕಾಲೆತ್ತೋ ನಾಯಿ, ಅನುಭವ ಇರೋರು ಹೇಳಿ (ಅತ್ತೆ ಬರೋ ಟೈಮಾಯ್ತು)

ಮುದ್ದೆ_ಬಸ್ಸಾರು:
ಎಲ್ರಿಗೂ ನಮಸ್ಕಾರ. ನಮ್ಮ ಚಕ್ಲಿ, ಗಂಡು, ಪಾಮೇರಿಯನ್ ಮಿಕ್ಸು, 5 ವರ್ಷ, 6 ಕೆಜಿ. ನ್ಯೂಟರ್ (ಬೀಜ ತೆಗೆಯೋ ಆಪರೇಷನ್) ಆಗಿ 2 ವರ್ಷ ಆಯ್ತು. ಮಾಗಡಿ ರೋಡ್ ಮನೇಲಿದ್ದಾಗ ಒಂದಿನಾನೂ ಒಳಗೆ ಕಾಲೆತ್ತಿದವನಲ್ಲ. 3 ತಿಂಗಳ ಹಿಂದೆ ವಿಜಯನಗರಕ್ಕೆ ಬಂದ್ವಿ, ಬಾಡಿಗೆ ಮನೆ, ಫಸ್ಟ್ ಫ್ಲೋರು, ಓನರ್ ಕೆಳಗೆ. ಬಂದ ವಾರಾನೇ ಶುರು ಹಚ್ಕೊಂಡ. ಬಾಲ್ಕನಿ ಬಾಗಿಲ ಚೌಕಟ್ಟು, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ. ದಿನಕ್ಕೆ 3 ಸಲ ಆಚೆ ಕರ್ಕೊಂಡ್ ಹೋಗ್ತೀನಿ, ಪಾರ್ಕ್ ಸುತ್ತ ನಿಂತಿರೋ ಒಂದು ಸ್ಕೂಟರ್ ಟೈರೂ ಬಿಡಲ್ಲ, ಅಷ್ಟಾದ್ಮೇಲೂ ಮನೆಗ್ ಬಂದು ನಾಲ್ಕು ಹನಿ. ನಾಲ್ಕೇ ಹನಿ. ಯೂರಿನ್ ಟೆಸ್ಟ್ ಮಾಡಿಸ್ದೆ, ಕ್ಲಿಯರ್ ಬಂತು. ಮುಂದಿನ ತಿಂಗಳು ಅತ್ತೆ ಬರ್ತಿದಾರೆ, ಮಡಿ ಜಾಸ್ತಿ, ಅಕ್ಕಿ ಮೂಟೆ ವಿಷ್ಯ ಗೊತ್ತಾದ್ರೆ ಚಕ್ಲಿ ಜೊತೆ ನಾನೂ ಆಚೆ. ನಿಮ್ಮನೇಲಿ ಹೆಂಗ್ ನಿಲ್ಲಿಸಿದ್ರಿ?

ಗಿರಿನಗರ_ಪಾಮ್ತಾಯಿ:
ಮೊದಲು ನ್ಯೂಟರ್ ಮಾಡಿಸಿ. ನಾನು ಮಾಡಿಸ್ದೆ, ಯಾರ್ ಏನೇ ಅನ್ಲಿ ನಂಗೆ ಪಶ್ಚಾತ್ತಾಪ ಇಲ್ಲ. ನಮ್ಮ ಪುಟ್ಟಂಗೆ ಆಗ 4 ವರ್ಷ, ಮನೆ ತುಂಬ ಅವನದೇ ರಾಜ್ಯ, ಫ್ರಿಜ್ಜು ವಾಷಿಂಗ್ ಮಷೀನು ದಿವಾನ್ ಕಾಲು, ನಮ್ಮ ಮಾವನೋರ ವಾಕಿಂಗ್ ಸ್ಟಿಕ್ ಕೂಡ. ಆಪರೇಷನ್ 9,500, ಅದಕ್ಕೆ ಮುಂಚೆ ಬ್ಲಡ್ ಟೆಸ್ಟು 1,400, ಕತ್ತಿಗೆ ಹಾಕೋ ಕೋನು 450, ಆಂಟಿಬಯಾಟಿಕ್ಕು ನೋವಿನ ಮಾತ್ರೆ 780. ಅಷ್ಟಕ್ಕೇ ಮುಗೀತು ಅಂದ್ಕೊಂಡೆ, ಮೂರನೇ ದಿನ ನಾನು ಹಾಲು ತರೋಕೆ ಹೋಗಿ ಬರೋದ್ರಲ್ಲಿ ಕೋನ್ ಕಿತ್ತಾಕಿ ಹೊಲಿಗೆ ನೆಕ್ಕಿ ನೆಕ್ಕಿ ಆ ಜಾಗ ನಿಂಬೆಹಣ್ಣಿನ್ ಗಾತ್ರ ಊದ್ಕೊಂಡ್ಬಿಡ್ತು, ಮತ್ತೆ ಆಟೋ, ಮತ್ತೆ ಡ್ರೆಸ್ಸಿಂಗು, 1,200. ಎರಡು ತಿಂಗಳು ಕಾದೆ, ಕಾಲೆತ್ತೋದು ನಿಲ್ಲಲಿಲ್ಲ. ಡಾಕ್ಟ್ರು ಆಮೇಲ್ ಹೇಳ್ತಾರೆ, ಹಾರ್ಮೋನ್ ಇಳಿದ್ರೂ ಇಷ್ಟು ವರ್ಷದ ಅಭ್ಯಾಸ ಹೋಗಲ್ಲಮ್ಮ ಅಂತ. ಮುಂಚೆನೇ ಹೇಳ್ಬೋದಿತ್ತಲ್ಲ? ಆದ್ರೂ ದಿನಕ್ಕೆ 10 ಸಲ ಇದ್ದಿದ್ದು 2ಕ್ಕೆ ಬಂತು. ಎರಡೇ. ಅದು ಕಮ್ಮಿನಾ?

ಕಟ್ಟಾ_ಮಸಾಲೆಪುರಿ:
13,000ಕ್ಕೂ ಜಾಸ್ತಿ ಖರ್ಚು ಮಾಡಿ ಇನ್ನೂ ದಿನಕ್ಕೆ 2 ಸಲ ಒರೆಸ್ತಿದೀರಾ ಅಂದ್ರೆ ಅದನ್ನ ಯಶಸ್ಸು ಅಂತಾರಾ ಮೇಡಂ, ಸುಮ್ನೆ ಕೇಳ್ದೆ. ನಮ್ಮ ಪಗ್ಗಿಗೂ ಇದೇ ಬುದ್ಧಿ ಹೇಳಿದ್ರು, ಮಾಡಿಸ್ದೆ, 8 ಕೆಜಿ ಇದ್ದವನು 11.5 ಆದ, ಮೆಟ್ಲು ಹತ್ತೋಕೆ ಉಸಿರು ಕಟ್ಟುತ್ತೆ, ಕಾಲೆತ್ತೋದು ಮಾತ್ರ ಹಂಗೇ ಇದೆ, ಹೊಟ್ಟೆ ಭಾರಕ್ಕೆ ಸ್ವಲ್ಪ ಕಮ್ಮಿ ಎತ್ತುತ್ತಾನೆ ಅಷ್ಟೆ.

ನಮಗೆ ಕೆಲಸ ಮಾಡಿದ್ದು ಬೆಲ್ಲಿ ಬ್ಯಾಂಡ್. ಹೊಟ್ಟೆ ಸುತ್ತ ಸುತ್ತೋ ಬಟ್ಟೆ ಬೆಲ್ಟು. 3 ತಗೊಂಡೆ 1,350, ಒಂದು ಒಗೆಯೋಕೆ ಒಂದು ಒಣಗೋಕೆ ಒಂದು ಮೈಮೇಲೆ. ಅದರೊಳಗೆ ಹೆಂಗಸ್ರ ಪ್ಯಾಡ್ ಇಡ್ಬೇಕು. ಮೊದಲ್ನೇ ಸಲ ಅಂಗಡೀಲಿ ಯಾವ ಸೈಜು ಸರ್ ಅಂತ ಕೇಳಿದ್ರು, ನಾಯಿಗೆ ಅಂದೆ, ಪಕ್ಕದಲ್ಲಿದ್ದ ಆಂಟಿ ನಕ್ಕಿದ್ದು ಇನ್ನೂ ಮರ್ತಿಲ್ಲ. ಒಂದೇ ಎಚ್ಚರಿಕೆ: ಒದ್ದೆ ಆದ ತಕ್ಷಣ ಬದಲಾಯಿಸಿ. ಒಂದು ಭಾನುವಾರ ಮದುವೆಗ್ ಹೋಗಿ ರಾತ್ರಿ ಬಂದ್ವಿ, ಬ್ಯಾಂಡ್ ಬಿಚ್ಚೋದೇ ಮರೆತಿದ್ವಿ, ಹೊಟ್ಟೆ ಚರ್ಮ ಎಲ್ಲ ಕೆಂಪಗೆ ಸುಟ್ಟಂಗಾಗಿತ್ತು. ಮುಲಾಮು, ಇಂಜೆಕ್ಷನ್ನು, 1,100. ಆದ್ರೂ ಸೋಫಾ ಉಳೀತು.

ಗಿರಿನಗರ_ಪಾಮ್ತಾಯಿ:
ತೂಕ ಹೆಚ್ಚಾಗೋದು ನೀವು ಹಾಕೋ ಅನ್ನ ಮೊಸರಿಂದ, ಆಪರೇಷನ್ನಿಂದ ಅಲ್ಲ. ನ್ಯೂಟರ್ ಆದ್ಮೇಲೆ ಊಟ ಕಮ್ಮಿ ಮಾಡ್ಬೇಕು ಅಂತ ಗೊತ್ತಿಲ್ದೆ ನಾಯಿ ಸಾಕ್ತೀರಿ. ನಾಯೀಗೆ ಚಡ್ಡಿ ಹಾಕೋದು ಟ್ರೇನಿಂಗ್ ಅಲ್ಲ, ಮುಚ್ಚಿಡೋದು.

ಕಟ್ಟಾ_ಮಸಾಲೆಪುರಿ:
ನಮ್ಮನೆ ಅನ್ನ ಮೊಸರಿನ ವಿಷ್ಯ ನಿಮಗ್ಯಾಕೆ

ಮುದ್ದೆ_ಬಸ್ಸಾರು:
ಅಕ್ಕ, ಅಣ್ಣ, ಚಕ್ಲಿಗೆ ನ್ಯೂಟರ್ ಆಗಿದೆ. ಮೇಲೆ ಬರ್ದಿದೀನಿ.

ಯಲಹಂಕ_ಹಳೆಮನೆ:
ನಮ್ಮ ಕಾಲದಲ್ಲಿ ನಾಯಿ ಜಗಲಿ ದಾಟಿ ಒಳಗೆ ಬರ್ತಿರ್ಲಿಲ್ಲ. ಈಗ ಸೋಫಾ ಮೇಲೆ ಮಲಗಿಸಿ ಆಮೇಲೆ ಉಚ್ಚೆ ಹುಯ್ತು ಅಂತ ಗೋಳಾಡ್ತೀರಿ. ಮಾಡಿದ ಜಾಗಕ್ಕೆ ಮೂತಿ ಉಜ್ಜಿ ಎರಡು ಬಿಡಿ, ನಾಲ್ಕು ದಿನದಲ್ಲಿ ಬುದ್ಧಿ ಬರುತ್ತೆ. ನಾನು 30 ವರ್ಷದಿಂದ ಸಾಕಿದೀನಿ.

ಹೆಬ್ಬಾಳ_ದಾರಿ:
ಯಜಮಾನ್ರೆ, ನಾನೂ ಅದನ್ನೇ ಮಾಡ್ದೆ. ನಿಮ್ಮ ಥರ ಹೇಳೋರ ಮಾತು ಕೇಳಿ ನಮ್ಮ ಶಿಹ್ ಟ್ಸು ಮೂತಿ ಉಜ್ಜಿದೀನಿ, ಪೇಪರ್ ಸುತ್ತಿ ಹೊಡೆದಿದೀನಿ, ರಾತ್ರಿ ಬಾತ್ರೂಮಲ್ಲಿ ಕೂಡಿ ಹಾಕಿದೀನಿ. 4 ತಿಂಗಳು. ಅವನು ಮಾರ್ಕಿಂಗ್, ಅಂದ್ರೆ ಈ ಜಾಗ ನಂದು ಅಂತ ಉಚ್ಚೆ ಗುರುತು ಹಾಕೋದು, ಅದನ್ನ ಮಾಡ್ತಿರ್ಲಿಲ್ಲ ರೀ, ಅವನಿಗೆ ಮೂತ್ರಕೋಶದಲ್ಲಿ ಕಲ್ಲಾಗಿತ್ತು. ಒಂದೇ ಸಲಕ್ಕೆ ಬರ್ತಿರ್ಲಿಲ್ಲ, ಅದಕ್ಕೇ ಅಲ್ಲಿ ಸ್ವಲ್ಪ ಇಲ್ಲಿ ಸ್ವಲ್ಪ. ನಾನು ಅದನ್ನ ಕೊಬ್ಬು ಅಂದ್ಕೊಂಡೆ.

ಪೋಸ್ಟ್ ಹಾಕಿರೋರೇ, ಯೂರಿನ್ ಟೆಸ್ಟ್ ಕ್ಲಿಯರ್ ಅಂತ ಸಮಾಧಾನ ಪಟ್ಕೋಬೇಡಿ, ನಮ್ಮದೂ ಮೊದಲ್ನೇ ಸಲ ಕ್ಲಿಯರೇ ಬಂದಿದ್ದು. ಎಕ್ಸ್‌ರೇ ತೆಗಿಸ್ದಾಗ ಗೊತ್ತಾಯ್ತು. ಕೆಲವು ಥರದ ಕಲ್ಲು ಊಟ ಬದಲಾಯಿಸಿದ್ರೆ ಕರಗುತ್ತಂತೆ, ನಮ್ಮದು ಆಕ್ಸಲೇಟು, ಕರಗಲ್ಲ, ಕೊಯ್ದೇ ತೆಗೀಬೇಕು. ಆಪರೇಷನ್ 26,000, ಸ್ಕ್ಯಾನು ಎಕ್ಸ್‌ರೇ 4,200, ಎರಡು ದಿನ ಅಡ್ಮಿಟ್ಟು 5,000, ಕಲ್ಲು ಯಾವ ಥರದ್ದು ಅಂತ ಲ್ಯಾಬಿಗೆ ಕಳ್ಸಿದ್ದಕ್ಕೆ ಬೇರೆ. ಆಮೇಲ್ ಯಾರೋ ಹೇಳಿದ್ರು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಬೆಳಗ್ಗೇನೇ ಹೋಗಿ ಚೀಟಿ ಮಾಡ್ಸಿದ್ರೆ ಖರ್ಚು ಎಷ್ಟೋ ಕಮ್ಮಿ ಅಂತ, ದಿನಾ ಅದರ ಮುಂದೇನೇ ಆಫೀಸಿಗೆ ಹೋಗ್ತೀನಿ ನಾನು. ಲ್ಯಾಬಿಗೆ ಹೋಗಿ ಉಳಿದ 3 ಕಲ್ಲು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬೀಲಿ ಹಾಕ್ಕೊಟ್ರು. ಮುಳ್ಳು ಮುಳ್ಳು, ಒಡೆದ ಕಲ್ಲುಸಕ್ಕರೆ ಥರ. ಅಲ್ಲಾಡಿಸಿದ್ರೆ ಸದ್ದು ಬರುತ್ತೆ. ಇನ್ನೂ ಬೀರುವಲ್ಲಿದೆ, ಬಿಸಾಕೋಕ್ ಆಗ್ತಿಲ್ಲ.

ಯಲಹಂಕ_ಹಳೆಮನೆ:
ಎಲ್ಲಾ ನಾಯಿಗೂ ಕಲ್ಲಿರಲ್ಲ.

ಹೆಬ್ಬಾಳ_ದಾರಿ:
ಎಲ್ಲಾ ನಾಯಿಗೂ ಮೂತಿ ಇರುತ್ತಲ್ಲ, ಅಷ್ಟೇ ಸಾಕಾ ನಿಮಗೆ

ಧಾರವಾಡ_ಪೇಢೆ_ಈಗ_ಮಾರತ್ತಹಳ್ಳಿ:
ಎಲ್ಲಾರೂ ಗಂಡು ಗಂಡು ಅಂತ ಹೊಯ್ಕೊಳ್ಳಾಕತ್ತೀರಿ. ನಮ್ದು ಹೆಣ್ಣು ಐತ್ರಿ, ಆಪರೇಷನ್ನೂ ಆಗೇತಿ, ಅದೂ ಕಾಲು ಎತ್ತತೈತಿ. ಊರಿಂದ ನಮ್ಮ ಅಣ್ಣ ಬಂದು ಬ್ಯಾಗ್ ನೆಲಕ್ಕ ಇಟ್ಟಿದ್ದ, ಅವ ಚಾ ಕುಡಿಯೂದ್ರಾಗ ಬ್ಯಾಗ್ ತೊಯ್ಸಿಬಿಟ್ಟಿತ್ತು. ಒಳಗ 2 ಕೆಜಿ ಪೇಢೆ. ಹೊರಗಿನ ನಾಯಿ ವಾಸನಿ ಹತ್ತಿದ್ದು ಯಾವುದೂ ನೆಲದ ಮ್ಯಾಲ ಇಡಬ್ಯಾಡ್ರಿ, ಚಪ್ಲಿ ಸೈತ. ಅಷ್ಟ ನನಗ ಗೊತ್ತಿರೂದು.

ದೋಸೆ_ಹುಯ್ಯೋ_ಶಿಸ್ತು:
ಯಾರೂ ಟ್ರೇನಿಂಗ್ ಬಗ್ಗೆ ಮಾತಾಡ್ತಿಲ್ವಲ್ಲ. ನಾವು ಟ್ರೇನರ್ ಇಟ್ವಿ, 8 ಕ್ಲಾಸಿಗೆ 14,000. ಆ ಮನುಷ್ಯ ಇದ್ದಾಗ ನಮ್ಮ ಡ್ಯಾಶು (ಡ್ಯಾಶ್‌ಹಂಡ್ ನಾಯಿ) ದೇವರಂಗೆ ಕೂತಿರ್ತಿದ್ದ, ಅವರ ಬೈಕು ಗೇಟ್ ದಾಟ್ತಿದ್ದಂಗೆ ಟಿವಿ ಸ್ಟ್ಯಾಂಡಿಗೆ ಅಭಿಷೇಕ. 14,000ದಲ್ಲಿ ಉಪಯೋಗಕ್ ಬಂದಿದ್ದು ಒಂದೇ ಮಾತು, ನಾಯಿ ನಿಮ್ಮ ಕಣ್ಣಿಂದ ಮರೆ ಆಗೋ ಹಂಗಿಲ್ಲ ಅನ್ನೋದು. 3 ವಾರ ಲೀಶಿನ ಇನ್ನೊಂದು ತುದಿ ನನ್ನ ಸೊಂಟಕ್ಕೆ ಕಟ್ಕೊಂಡು ಓಡಾಡಿದೀನಿ, ದೋಸೆ ಹುಯ್ವಾಗ್ಲೂ, ಬಟ್ಟೆ ಒಣಗಾಕುವಾಗ್ಲೂ, ಕ್ಷಮಿಸಿ, ಬಾತ್ರೂಮಿಗ್ ಹೋದಾಗ್ಲೂ. ಅವನು ಮೂಸ್ತಾ ಮೂಸ್ತಾ ಸೈಡಿಗೆ ತಿರುಗಿ ಹಿಂದಿನ ಕಾಲು ಹಗುರ ಮಾಡ್ದ ತಕ್ಷಣ ಬಾ ಅಂತ ಕರ್ದು ಆಚೆ. ಆಚೆ ಮಾಡಿದ್ರೆ ಒಂದು ಚೂರು ಚೀಸ್. ನಾನಿಲ್ದಾಗ ಕ್ರೇಟು, ಅಂದ್ರೆ ಬಾಗಿಲಿರೋ ನಾಯಿ ಗೂಡು. ಬೈಯೋದು ಹೊಡಿಯೋದು ಇಲ್ಲ, ಹೊಡೆದ್ರೆ ನಿಲ್ಸಲ್ಲ, ನೀವಿಲ್ದಾಗ ಮಂಚದ ಕೆಳಗೆ ಹೋಗಿ ಮಾಡ್ತಾವೆ. ಈಗ 7 ತಿಂಗಳಾಯ್ತು, ಒಂದು ಹನಿ ಇಲ್ಲ. ಆಗಲ್ಲ ಅನ್ನೋರು ಮಾಡಿ ನೋಡಿಲ್ಲ.

ಕಟ್ಟಾ_ಮಸಾಲೆಪುರಿ:
ಮನೇಲೇ ಇರೋರಿಗೆ ಇದೆಲ್ಲ ಆಗುತ್ತೆ. ನಾವು ಸಿಲ್ಕ್ ಬೋರ್ಡ್ ದಾಟಿ ಆಫೀಸಿಗ್ ಹೋಗೋರು, ನಾಯೀನ ಸೊಂಟಕ್ ಕಟ್ಕೊಂಡು ಸಿಗ್ನಲಲ್ಲಿ ನಿಲ್ಲೋದಾ

ದೋಸೆ_ಹುಯ್ಯೋ_ಶಿಸ್ತು:
ಮನೇಲಿರೋದು ಅಂದ್ರೆ ಕೆಲಸ ಇಲ್ಲ ಅಂತಾನಾ? ನಾನು ಮನೆಯಿಂದಾನೇ ದಿನಾ 9 ಗಂಟೆ ಡ್ಯೂಟಿ ಮಾಡ್ತೀನಿ ಸ್ವಾಮಿ.

ಬಸವನಗುಡಿ_ಬ್ಯಾಟರಿ:
ಎಲ್ಲಾ ಸರಿ, ಆ ಜಾಗ ಯಾವುದರಲ್ಲಿ ಒರೆಸ್ತಿದೀರಾ ಅಂತ ಒಬ್ರಾದ್ರೂ ಕೇಳಿದ್ರಾ? ಫಿನಾಯಿಲ್ ತಾನೆ? ನಾನೂ ಒಂದೂವರೆ ವರ್ಷ ಫಿನಾಯಿಲ್ ಸುರಿದು ಸುರಿದು ಮನೆ ಬಸ್ ಸ್ಟ್ಯಾಂಡ್ ಥರ ಮಾಡ್ಕೊಂಡಿದ್ದೆ. ನಮ್ಮ ಮೂಗಿಗೆ ಘಮ ಅನ್ಸುತ್ತೆ, ಅದರ ಮೂಗಿಗೆ ಕೆಳಗಿರೋ ವಾಸನೆ ಹಂಗೇ ಇರುತ್ತೆ. ಉಚ್ಚೆ ಅಂಶ ಸುಮ್ನೆ ಒರೆಸಿದ್ರೆ ಪೂರ್ತಿ ಹೋಗಲ್ಲ, ಒಣಗಿ ಕೂತಿರುತ್ತೆ, ಮಳೆಗಾಲದ ತೇವಕ್ಕೆ ಮತ್ತೆ ಎದ್ದು ಬರುತ್ತೆ. ಅಮೋನಿಯಾ ಇರೋ ಕ್ಲೀನರ್ ಅಂತೂ ಬೇಡವೇ ಬೇಡ, ಅದರ ವಾಸನೇನೇ ಉಚ್ಚೆ ಥರ. ಎಂಜೈಮ್ ಕ್ಲೀನರ್ ತಗೊಳ್ಳಿ, ವಾಸನೆ ಮುಚ್ಚಿಡದೆ ಉಚ್ಚೆ ಅಂಶಾನೇ ಒಡೆದು ಹಾಕೋದು, ನಾನು ತಂದಿದ್ದು ಅರ್ಧ ಲೀಟರಿಗೆ 650. ಹಾಕಿ ತಕ್ಷಣ ಒರೆಸೋದಲ್ಲ, ತೊಯ್ಯೋ ಹಂಗೆ ಹಾಕಿ 15 ನಿಮಿಷ ಬಿಟ್ಟು ಆಮೇಲೆ ತಾನಾಗೇ ಒಣಗ್ಬೇಕು. ಅದೇ ಜಾಗಕ್ಕೆ ಫಿನಾಯಿಲ್ಲೂ ಹಾಕಿದ್ರೆ ಎಂಜೈಮ್ ಕೆಲಸ ಕೆಡುತ್ತೆ. ಮೊದಲ್ನೇ ಬಾಟ್ಲು ನಾನು ಹಂಗೇ ಹಾಳ್ ಮಾಡ್ದೆ.

ಇನ್ನೊಂದು, ಯುವಿ ಟಾರ್ಚ್ (ನೇರಳಾತೀತ ಬೆಳಕು ಬಿಡೋದು) ತಗೊಂಡು ರಾತ್ರಿ ಲೈಟ್ ಆರಿಸಿ ನೋಡಿ. ಒಣಗಿದ ಉಚ್ಚೆ ಮಬ್ಬು ಹಳದಿ ಹೊಳೀತದೆ. ಎಲ್ಲೆಲ್ಲಿ ಅಂತ ನೋಡಿದ್ರೆ ಊಟ ಸೇರಲ್ಲ.

ಮೊಸಾಯಿಕ್_ಸಂತ್ರಸ್ತ:
650 ಯಾಕೆ, ವಿನೆಗರ್ ಸಾಕು ಅಂತ ಯಾರಾದ್ರೂ ಬರೋಕ್ ಮುಂಚೆ ನಾನೇ ಹೇಳ್ತೀನಿ. ವಿನೆಗರ್ ಹಾಕ್ಬೇಡಿ. ನಾವಿದ್ದ ರಾಜಾಜಿನಗರದ ಮನೇದು ಹಳೇ ಮೊಸಾಯಿಕ್ ನೆಲ, ಅದರಲ್ಲಿರೋದು ಮಾರ್ಬಲ್ ಚೂರು, ಹುಳಿ ತಾಗಿದ್ರೆ ಹೊಳಪು ತಿಂದ್ಹಾಕುತ್ತೆ. ನಾಯಿ ಎಲ್ಲೆಲ್ಲಿ ಮಾಡಿತ್ತೋ ಅಲ್ಲೆಲ್ಲ ತಟ್ಟೆ ತಟ್ಟೆ ಅಗಲ ಬಿಳಿ ಮಚ್ಚೆ. ಖಾಲಿ ಮಾಡುವಾಗ ಓನರ್ ಮಂಡಿ ಊರಿ ಕೂತು ಮಚ್ಚೆ ಎಣಿಸಿದ್ರು, 11. ಪಾಲಿಶ್ ಮಾಡ್ಸ್ಬೇಕು ಅಂತ 18,000 ಹಿಡ್ಕೊಂಡ್ರು, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಬೇರೆ. 5 ವರ್ಷ ಇದ್ದೋರಿಗೆ ಪೇಂಟಿಂಗ್ ಯಾಕ್ರೀ ಕಟ್ ಮಾಡ್ಬೇಕು?

ಮನೆ_ನಮ್ದು_ನೋವು_ನಮ್ದು:
ಓನರ್ ಕಡೆಯಿಂದಾನೂ ಯೋಚ್ನೆ ಮಾಡಿ. ನಾನು ಹನುಮಂತನಗರದಲ್ಲಿ ಎರಡು ಮನೆ ಬಾಡಿಗೆ ಕೊಟ್ಟಿದೀನಿ. ನಾಯಿ ಇದ್ದೋರು ಬಿಟ್ಟು ಹೋದ ಮನೆ ಬಾಗ್ಲು ಕೆಳಗಡೆಯಿಂದ ಉಬ್ಬಿ ಪ್ಲೈವುಡ್ ಪದರ ಪದರ ಬಿಚ್ಕೊಂಡಿತ್ತು, 3 ಬಾಗ್ಲು 21,000. ಎಲ್ಲಿ ಕಟ್ ಮಾಡ್ಲಿ ಹೇಳಿ?

ಮೊಸಾಯಿಕ್_ಸಂತ್ರಸ್ತ:
10 ತಿಂಗಳ ಅಡ್ವಾನ್ಸ್ ಬಡ್ಡಿ ಇಲ್ದೆ ಇಟ್ಕೊಂಡಿರ್ತೀರಲ್ಲ, ಅದರಲ್ಲಿ ಮಾಡ್ಸಿ

ಗಿರಿನಗರ_ಪಾಮ್ತಾಯಿ:
ನಾಯಿ ವಿಷ್ಯ ಮಾತಾಡಿ ಸ್ವಲ್ಪ. ಮುದ್ದೆಬಸ್ಸಾರು, ನ್ಯೂಟರ್‌ಗೆ ಡೇಟ್ ತಗೊಂಡ್ರಾ?

ಮುದ್ದೆ_ಬಸ್ಸಾರು:
ಅಕ್ಕ 🙏 ಆಗಿದೆ.

ಒಂದು ವಾರ ಆಯ್ತು, ಅಪ್ಡೇಟ್ ಹೇಳ್ತೀನಿ. ಹೆಬ್ಬಾಳದೋರ ಮಾತಿಗೆ ಹೆದರಿ ಎಕ್ಸ್‌ರೇ ತೆಗಿಸ್ದೆ, ಸ್ಕ್ಯಾನೂ ಮಾಡಿಸ್ದೆ, ಒಟ್ಟು 2,900, ದೇವ್ರ ದಯೆ ಕಲ್ಲಿಲ್ಲ. ಆಮೇಲೆ ಎಸ್.ಪಿ. ರೋಡಲ್ಲಿ 350 ಕೊಟ್ಟು ಯುವಿ ಟಾರ್ಚ್ ತಂದೆ. ರಾತ್ರಿ ಎಲ್ಲಾ ಲೈಟ್ ಆರಿಸಿ ಹಾಲ್‌ನಲ್ಲಿ ಬಿಟ್ಟೆ ನೋಡಿ, ಮುಂಬಾಗಿಲ ಹೊಸಿಲು ಪೂರ್ತಿ ಹಳದಿ ಹಸಿರು ಧಗಧಗ ಅಂತಿದೆ, ಈ ತುದಿಯಿಂದ ಆ ತುದಿ. ನನ್ನ ಹೆಂಡ್ತಿ ಅಲ್ಲೇ ಕುಸಿದು ಕೂತ್ಲು, ಶುಕ್ರವಾರ ಪೂಜೆ ಮಾಡಿದ ಹೊಸಿಲು ಅಂತ. ಅರ್ಧ ಗಂಟೆ ಮನೇಲಿ ಮಾತಿಲ್ಲ. ಆಮೇಲೆ ಅವಳೇ ಬೆರಳು ಉಜ್ಜಿ ನೋಡಿದ್ಲು. ಅರಿಶಿನ. ಅರಿಶಿನಾನೂ ಆ ಲೈಟಿಗೆ ಹೊಳೆಯುತ್ತೆ, ಉಚ್ಚೆಗಿಂತ ಜೋರಾಗಿ. ಬ್ಯಾಟರಿ ಸಾರ್, ಇದನ್ನ ಮೊದಲೇ ಹೇಳ್ಬಾರ್ದಿತ್ತಾ.

ಬಾಲ್ಕನಿ ಚೌಕಟ್ಟಲ್ಲಿ ಇರೋದು ಮಾತ್ರ ಅರಿಶಿನ ಅಲ್ಲ. ಕೆಳಗಡೆ ಚಕ್ಲಿದು, ನೆಲದಿಂದ ಒಂದು ಗೇಣು ಎತ್ತರ, ಸಣ್ಣ ಸಣ್ಣದು. ಅದರ ಮೇಲೆ ಇನ್ನೊಂದು ಸಾಲು ಇದೆ, ಟೇಪ್ ಹಿಡಿದು ನೋಡ್ದೆ, 2 ಅಡಿ. ಅಲ್ಲಿಂದ ಕೆಳಗೆ ಮರದ ಒಳಗೇ ಇಳಿದಿದೆ. ಚಕ್ಲಿ ಕುರ್ಚಿ ಹಾಕ್ಕೊಂಡ್ರೂ ಅಲ್ಲಿಗೆ ಎಟುಕಲ್ಲ. ಬೆಳಗ್ಗೆ ಓನರ್ ಆಂಟೀನ ಕೇಳ್ದೆ, ನಮಗಿಂತ ಮುಂಚೆ ಇದ್ದೋರ ಹತ್ರ ನಾಯಿ ಇತ್ತಾ ಅಂತ. ಅಡ್ವಾನ್ಸ್ ಕೊಡೋವಾಗ ಕೇಳಿದ್ದಕ್ಕೆ ಇಲ್ಲ ಅಂದಿದ್ರು. ಈಗ, "ಇತ್ತಪ್ಪ ಒಂದು ಲ್ಯಾಬ್ರಡಾರು, 4 ವರ್ಷ ಇತ್ತು, ಪಾಪ ಬಾಲ್ಕನೀಲೇ ಕಟ್ತಿದ್ರು" ಅಂತಾರೆ.

ಚೌಕಟ್ಟು ಉಪ್ಪುಕಾಗದ ಹಾಕಿ ಉಜ್ಜಿ ಎಂಜೈಮ್ ಬಿಟ್ಟಿದೀನಿ, ಒಣಗಿದ್ಮೇಲೆ ಪೇಂಟ್ ಹೊಡೀಬೇಕು. ಸಿಲಿಂಡರ್ ಮುಂದೆ ಅಡ್ಡ ಹಲಗೆ, ಅಕ್ಕಿ ಮೂಟೆ ಸ್ಟೂಲ್ ಮೇಲೆ. ಮೂರು ದಿನದಿಂದ ಆ ಬಾಗ್ಲಿಗೆ ಮೂಸಿ ಮೂಸಿ ವಾಪಸ್ ಬರ್ತಿದಾನೆ, ಕಾಲೆತ್ತಿಲ್ಲ.

ಮೊಸಾಯಿಕ್_ಸಂತ್ರಸ್ತ:
ಒಂದ್ನಿಮಿಷ. ಆ ಲ್ಯಾಬ್ರಡಾರ್‌ನೋರ ಅಡ್ವಾನ್ಸಲ್ಲಿ ಪೇಂಟಿಂಗ್ ದುಡ್ಡು ಕಟ್ ಮಾಡಿದ್ರಾ ಅಂತ ಕೇಳಿ ನಿಮ್ಮ ಆಂಟೀನ.

ಮುದ್ದೆ_ಬಸ್ಸಾರು:
ಕೇಳ್ದೆ ಸಾರ್. ಮಾಡಿದಾರಂತೆ.

ಮೊಸಾಯಿಕ್_ಸಂತ್ರಸ್ತ:
ಹನುಮಂತನಗರದ ಓನರ್ ಸಾಹೇಬ್ರೇ, ಎಲ್ಲಿದೀರಾ, ಬನ್ನಿ

ಕಟ್ಟಾ_ಮಸಾಲೆಪುರಿ:
ಪೇಂಟ್ ಒಣಗೋವರ್ಗೂ ಬೆಲ್ಲಿ ಬ್ಯಾಂಡ್ ಹಾಕಿ. ನನ್ನ ಹತ್ರ ಒಂದು ಎಕ್ಸ್‌ಟ್ರಾ ಇದೆ, 6 ಕೆಜಿಗೆ ಲೂಸ್ ಆಗ್ಬೋದು, ಪಿನ್ ಹಾಕ್ಕೊಳ್ಳಿ. ಒಗೆದಿದೀನಿ.