ತೀರ್ಥಹಳ್ಳಿಯಿಂದ ಸ್ಟುಟ್‌ಗಾರ್ಟ್‌ಗೆ: ಇಬ್ಬರು ಚಿಕ್ಕ ಮಕ್ಕಳಿರುವಾಗ ಈ ಕೆಲಸ ಒಪ್ಪಿಕೊಳ್ಳಬಹುದೇ?

ಪ್ರಶ್ನೆ: ಮಾಲತಿತೀರ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದಲ್ಲಿರುವ, ವಾಹನಗಳ ಬಿಡಿಭಾಗ ತಯಾರಿಸುವ ಸಂಸ್ಥೆಯೊಂದರಲ್ಲಿ ನನಗೆ ಸಾಫ್ಟ್‌ವೇರ್ ಎಂಜಿನಿಯರ್ ಹುದ್ದೆ ಸಿಕ್ಕಿದೆ. ವಾರ್ಷಿಕ ವೇತನ 65,000 ಯೂರೋ, ಹುದ್ದೆ ಕಾಯಂ, ಮೊದಲ ಆರು ತಿಂಗಳು ಪ್ರೊಬೇಷನ್. ಈ ತಿಂಗಳ ಕೊನೆಯೊಳಗೆ ಉತ್ತರ ತಿಳಿಸಬೇಕಾಗಿದೆ. ಸದ್ಯ ಬೆಂಗಳೂರಿನ ಕಂಪನಿಯೊಂದಕ್ಕೆ ಶಿವಮೊಗ್ಗದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಪತ್ನಿ ಇಲ್ಲಿನ ಖಾಸಗಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ.

ಅಪ್ಪಯ್ಯ ಮತ್ತು ಅಮ್ಮ ಇರುವ ಮನೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವಾಗ ಮುಖ್ಯರಸ್ತೆಯಿಂದ ಒಳಗಿರುವ ಹಳ್ಳಿಯಲ್ಲಿದೆ. ಅಪ್ಪಯ್ಯನಿಗೆ ಅರವತ್ತೆಂಟು, ಅಮ್ಮನಿಗೆ ಸಕ್ಕರೆ ಕಾಯಿಲೆ. ಮೂರು ಎಕರೆ ಅಡಿಕೆ ತೋಟವನ್ನು ಅಪ್ಪಯ್ಯನೇ ನೋಡಿಕೊಳ್ಳುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವಾಗ ಮತ್ತು ಕೊಯ್ಲಿನ ಸಮಯದಲ್ಲಿ ಮಾತ್ರ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ಅಲ್ಲಿಯೇ ಉಳಿಯುತ್ತೇನೆ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಇಳಿದಿರುವುದರಿಂದ ಮುಂದೆ ತೋಟವನ್ನೇ ನಂಬಿಕೊಂಡಿರಲು ಸಾಧ್ಯವಿಲ್ಲ ಎಂಬುದೂ ನಮ್ಮೆಲ್ಲರಿಗೂ ತಿಳಿದಿದೆ. ತಂಗಿ ಮದುವೆಯಾಗಿ ಶಿರಸಿಯಲ್ಲಿದ್ದಾಳೆ.

ಎರಡು ಮೂರು ವರ್ಷ ಇದ್ದು, ಒಂದಿಷ್ಟು ಹಣ ಉಳಿಸಿ, ಹಿಂತಿರುಗೋಣ ಎಂಬುದು ನನ್ನ ಲೆಕ್ಕಾಚಾರ. ಪತ್ನಿ "ನೀವು ಏನು ನಿರ್ಧರಿಸಿದರೂ ಸರಿ" ಎನ್ನುತ್ತಾಳೆ. ಅಪ್ಪಯ್ಯ ಏನನ್ನೂ ಹೇಳುತ್ತಿಲ್ಲ. ಈ ಸಂಬಳದಲ್ಲಿ ನಾಲ್ವರ ಸಂಸಾರ ನಡೆದು ಏನಾದರೂ ಉಳಿಯುತ್ತದೆಯೇ, ಪತ್ನಿಗೆ ಅಲ್ಲಿ ಪಾಠ ಹೇಳುವ ಕೆಲಸ ಸಿಗಬಹುದೇ, ಊರಿನ ವ್ಯವಸ್ಥೆಯನ್ನು ಹೇಗೆ ಮಾಡಿ ಹೋಗಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸಾಗರದ ಲೆಕ್ಕಿಗ

ನಾನು ಸಾಗರದವನು, ಕೆಲವು ವರ್ಷಗಳಿಂದ ಸ್ಟುಟ್‌ಗಾರ್ಟ್ ಹತ್ತಿರವೇ ಸಂಸಾರ ಸಮೇತ ಇದ್ದೇನೆ. ಮೊದಲು ಹಣದ ವಿಷಯ ಮುಗಿಸುತ್ತೇನೆ, ಏಕೆಂದರೆ ಅದು ನಿಮ್ಮ ಪ್ರಶ್ನೆಯ ಸುಲಭದ ಭಾಗ.

65,000 ಯೂರೋ ಎಂದರೆ ತಿಂಗಳಿಗೆ ಸುಮಾರು 5,400. ಪತ್ನಿ ಮಕ್ಕಳು ಜೊತೆಗಿದ್ದು, ನೀವೊಬ್ಬರೇ ದುಡಿಯುವುದಾದರೆ ತಿಂಗಳ ತೆರಿಗೆ ಕಡಿತ ಕಡಿಮೆಯಿರುವ ಮೂರನೆಯ ತೆರಿಗೆ ವರ್ಗ ಸಿಗುತ್ತದೆ. ಆಗ ಆದಾಯ ತೆರಿಗೆ, ಪಿಂಚಣಿ, ಆರೋಗ್ಯ ಮತ್ತು ನಿರುದ್ಯೋಗ ವಿಮೆಗಳ ಕಡಿತವೆಲ್ಲ ಕಳೆದು ಸುಮಾರು 3,700 ಯೂರೋ ಕೈಗೆ ಬರುತ್ತದೆ. ಇದರ ಮೇಲೆ ಸರ್ಕಾರ ಪ್ರತಿ ಮಗುವಿಗೂ ಮಾಸಿಕ ಭತ್ಯೆ ಕೊಡುತ್ತದೆ, 2025ರಲ್ಲಿ ಅದು 255 ಯೂರೋ ಇತ್ತು. ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಪತ್ನಿ ಮತ್ತು ಮಕ್ಕಳು ಪ್ರತ್ಯೇಕ ಕಂತಿಲ್ಲದೆ ಸೇರುತ್ತಾರೆ. ಇದು ದೊಡ್ಡ ನೆಮ್ಮದಿ. ಖರ್ಚಿನಲ್ಲಿ ಬಾಡಿಗೆಯದೇ ಸಿಂಹಪಾಲು. ನಾಲ್ವರಿಗೆ ಸಾಕಾಗುವ ಮನೆಗೆ, ಚಳಿಗಾಲದ ಹೀಟಿಂಗ್ ಸೇರಿ, 1,500 ಯೂರೋಗಿಂತ ಕಡಿಮೆಗೆ ಸಿಕ್ಕರೆ ಅದೃಷ್ಟ ಎನ್ನಿ. ಮುಂಗಡವಾಗಿ ಮೂರು ತಿಂಗಳ ಬಾಡಿಗೆಯವರೆಗೆ ಕೇಳುತ್ತಾರೆ, ಅನೇಕ ಮನೆಗಳಲ್ಲಿ ಅಡುಗೆಮನೆಯ ಕಪಾಟು ಮತ್ತು ಒಲೆಯೂ ಇರುವುದಿಲ್ಲ. ಶಿಶುವಿಹಾರದ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬರ್ಲಿನ್‌ನಲ್ಲಿ ಉಚಿತ, ಇಲ್ಲಿ ಕಟ್ಟಬೇಕು. ಒಟ್ಟಿನಲ್ಲಿ ಮೊದಲ ವರ್ಷ ಉಳಿತಾಯದ ಮಾತೇ ಬೇಡ. ಎರಡನೆಯ ವರ್ಷದಿಂದ ಸ್ವಲ್ಪ ಉಳಿಯುತ್ತದೆ, ಆದರೆ ಶಿವಮೊಗ್ಗದ ಮನೆಯಲ್ಲಿ ಕುಳಿತು ಬೆಂಗಳೂರಿನ ಸಂಬಳ ಪಡೆಯುತ್ತಿರುವ ನೀವು, ಪತ್ನಿಯವರ ಸಂಬಳವನ್ನೂ ಸೇರಿಸಿ ಈಗ ಎಷ್ಟು ಉಳಿಸುತ್ತಿದ್ದೀರಿ ಎಂಬುದನ್ನು ಪಕ್ಕದಲ್ಲಿ ಬರೆದು ನೋಡಿ. ಉಳಿತಾಯವೊಂದೇ ಕಾರಣವಾದರೆ ಬರಬೇಕಾಗಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮ "ಎರಡು ಮೂರು ವರ್ಷ" ಎಂಬ ಮಾತು. ಆ ಅವಧಿಯನ್ನು ನಿಗದಿಮಾಡುವವರು ನೀವಲ್ಲ, ನಿಮ್ಮ ಮಗಳು. ಇಲ್ಲಿ ಆರು ತುಂಬಿದ ಮಗು ಶಾಲೆಗೆ ಹೋಗಲೇಬೇಕು, ಮನೆಯಲ್ಲೇ ಕಲಿಸುತ್ತೇವೆ ಎನ್ನಲು ಕಾನೂನಿನಲ್ಲಿ ಅವಕಾಶವಿಲ್ಲ. ಸಾರ್ವಜನಿಕ ಶಾಲೆಯ ಪಾಠವೆಲ್ಲ ಜರ್ಮನ್ ಭಾಷೆಯಲ್ಲಿ. ಅಂತರರಾಷ್ಟ್ರೀಯ ಶಾಲೆಯ ಶುಲ್ಕ ಈ ಸಂಬಳಕ್ಕೆ ನಿಲುಕುವಂಥದ್ದಲ್ಲ. ಮೊದಲ ವರ್ಷ ಮಗು ತಡವರಿಸುತ್ತದೆ, ಎರಡನೆಯ ವರ್ಷ ಭಾಷೆ ಹಿಡಿಯುತ್ತದೆ, ಮೂರನೆಯ ವರ್ಷ ಗೆಳತಿಯರ ನಡುವೆ ನಿರಾಳವಾಗಿ ಬೆರೆಯುತ್ತದೆ. ನೀವು ಹೊರಡಬೇಕೆಂದುಕೊಂಡಿರುವುದು ಸರಿಯಾಗಿ ಆಗಲೇ. ಈ ರಾಜ್ಯದಲ್ಲಿ ನಾಲ್ಕನೆಯ ತರಗತಿಯ ನಂತರ ಮಕ್ಕಳು ಬೇರೆ ಬೇರೆ ಬಗೆಯ ಪ್ರೌಢಶಾಲೆಗಳಿಗೆ ಹಂಚಿಹೋಗುತ್ತಾರೆ. ಆದ್ದರಿಂದ ಒಂದೋ ಮಗಳು ಎರಡನೆಯ ತರಗತಿ ಮುಗಿಸುವಷ್ಟರಲ್ಲಿ ಹಿಂತಿರುಗುವುದೆಂದು ಗಟ್ಟಿ ಮಾಡಿಕೊಂಡು, ಮನೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಓದು ಬರಹವನ್ನು ಬಿಡದೆ ನಡೆಸಬೇಕು; ಇಲ್ಲವೇ ಹತ್ತು ಹನ್ನೆರಡು ವರ್ಷ ಇಲ್ಲಿಯೇ ಎಂದು ಒಪ್ಪಿಕೊಂಡು ಬರಬೇಕು. ನಡುವಿನ ದಾರಿ ಕಾಗದದ ಮೇಲೆ ಮಾತ್ರ ಇದೆ.

ಉತ್ತರ: ಶರಾವತಿ ಹಿನ್ನೀರು

ಲೆಕ್ಕಿಗರ ಮಾತನ್ನು ಒಪ್ಪುತ್ತೇನೆ, ಆದರೆ ಅವರು ಒಂದು ಅಪಾಯವನ್ನು ಹೇಳಲಿಲ್ಲ. 2024ರಿಂದ ಈಚೆಗೆ ಜರ್ಮನಿಯ ವಾಹನ ಉದ್ಯಮದಲ್ಲಿ, ವಿಶೇಷವಾಗಿ ಬಿಡಿಭಾಗ ತಯಾರಕರಲ್ಲಿ, ಸಾವಿರಾರು ಹುದ್ದೆಗಳ ಕಡಿತ ಪ್ರಕಟವಾಗಿದೆ. ಪ್ರೊಬೇಷನ್‌ನಲ್ಲಿ ಎರಡು ವಾರಗಳ ನೋಟಿಸ್ ಕೊಟ್ಟು ಕೆಲಸದಿಂದ ಬಿಡಿಸಬಹುದು, ನಿರುದ್ಯೋಗ ಭತ್ಯೆ ಸಿಗಬೇಕಾದರೆ ಕನಿಷ್ಠ 12 ತಿಂಗಳು ವಿಮೆ ಕಟ್ಟಿರಬೇಕು. ಹಾಗಾಗಿ ಮೊದಲ ಆರು ತಿಂಗಳು ನೀವೊಬ್ಬರೇ ಹೋಗಿ, ಕೆಲಸ ಕಾಯಂ ಆದ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಜಾಣತನ.

ಉತ್ತರ: ಹೊಸನಗರದವಳು

ನನ್ನ ಪತಿಯ ಕೆಲಸಕ್ಕಾಗಿ ಜರ್ಮನಿಗೆ ಬಂದವಳು ನಾನು. ಬರುವ ಮೊದಲು ಊರಿನಲ್ಲಿ ಶಿಕ್ಷಕಿಯಾಗಿದ್ದೆ. ಆದ್ದರಿಂದ ನಿಮ್ಮ ಪ್ರಶ್ನೆಗಿಂತ ನಿಮ್ಮ ಪತ್ನಿಯವರ ಉತ್ತರದ ಬಗ್ಗೆ ಹೇಳಲು ನನಗೆ ಹೆಚ್ಚು ಇದೆ.

ಬ್ಲೂ ಕಾರ್ಡ್ (ಪದವಿ ಪಡೆದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಪಡೆದವರ ಪತಿ ಅಥವಾ ಪತ್ನಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಕೇಳುವುದಿಲ್ಲ, ಬಂದ ದಿನದಿಂದಲೇ ಯಾವ ಕೆಲಸವನ್ನಾದರೂ ಮಾಡುವ ಹಕ್ಕೂ ಇದೆ. ಇದನ್ನು ಕೇಳಿ "ಅಲ್ಲಿ ಇವಳಿಗೂ ಕೆಲಸ ಸಿಗುತ್ತದೆ" ಎಂದು ಗಂಡಂದಿರು ಸಮಾಧಾನಪಟ್ಟುಕೊಳ್ಳುತ್ತಾರೆ. ಕೆಲಸ ಮಾಡುವ ಹಕ್ಕು ಬೇರೆ, ಕೆಲಸ ಬೇರೆ. ಸರ್ಕಾರಿ ಶಾಲಾ ಶಿಕ್ಷಕ ವೃತ್ತಿ ಇಲ್ಲಿ ನಿಯಂತ್ರಿತ ವೃತ್ತಿ: ವಿದೇಶಿ ಪದವಿಗೆ ಆಯಾ ರಾಜ್ಯದ ಮಾನ್ಯತೆ ಬೇಕು, ಸಾಮಾನ್ಯವಾಗಿ ಎರಡು ವಿಷಯಗಳನ್ನು ಬೋಧಿಸುವ ಅರ್ಹತೆ ಬೇಕು, ಜರ್ಮನ್ ಭಾಷೆಯಲ್ಲಿ ಸಿ1 (ಸರಾಗವಾಗಿ ಮಾತಾಡಿ ಬರೆಯಬಲ್ಲ ಮಟ್ಟ) ಅಥವಾ ಅದಕ್ಕೂ ಮೇಲಿನ ಮಟ್ಟ ಬೇಕು. ಒಂದೂವರೆ ವರ್ಷದ ಮಗುವನ್ನು ನೋಡಿಕೊಳ್ಳುತ್ತ ಆ ಮಟ್ಟ ಮುಟ್ಟಲು ವರ್ಷಗಳೇ ಹಿಡಿಯುತ್ತವೆ. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಪಡೆಯುವ ಕಾನೂನುಬದ್ಧ ಹಕ್ಕು 2013ರಿಂದ ಇದೆ, ಆದರೆ ಜಾಗ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ರಸಾಯನಶಾಸ್ತ್ರ ಓದಿದವರಿಗೆ ಪ್ರಯೋಗಾಲಯಗಳಲ್ಲಿ ಅವಕಾಶಗಳಿವೆ. ಅಲ್ಲಿಯೂ ಬಿ1, ಬಿ2 ಎಂಬ ನಡುವಿನ ಮಟ್ಟದ ಭಾಷೆ ಇದ್ದರೆ ಮಾತ್ರ ಮಾತುಕತೆ ಮುಂದುವರಿಯುತ್ತದೆ.

"ನೀವು ಏನು ನಿರ್ಧರಿಸಿದರೂ ಸರಿ" ಎಂಬುದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ನಮ್ಮ ಕಡೆ ಹೆಂಗಸರು ಬೇಡ ಎನ್ನುವುದಕ್ಕೂ ಅದೇ ಮಾತನ್ನು ಬಳಸುತ್ತಾರೆ. "ಮೂರು ವರ್ಷ ನಿನಗೆ ನಿನ್ನ ಕೆಲಸ ಸಿಗದಿರಬಹುದು, ಅಷ್ಟು ದಿನ ಮನೆಯಲ್ಲಿ ಮಗುವಿನೊಡನೆ, ಅಕ್ಕಪಕ್ಕದವರ ಮಾತು ತಿಳಿಯದ ಊರಿನಲ್ಲಿ ಇರಬೇಕಾಗಬಹುದು, ಆದರೂ ಹೋಗೋಣವೇ" ಎಂದು ಹೀಗೆಯೇ ನೇರವಾಗಿ ಕೇಳಿ. ಹೌದು ಎಂದರೆ ನಾಳೆಯಿಂದಲೇ ಅವರು ಜರ್ಮನ್ ತರಗತಿಗೆ ಸೇರಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದವರು ಆನ್‌ಲೈನಿನಲ್ಲಿಯೂ ಕಲಿಸುತ್ತಾರೆ. ಸಂಜೆ ಆ ಹೊತ್ತಿಗೆ ಮಕ್ಕಳನ್ನು ನೀವು ನೋಡಿಕೊಳ್ಳಿ. ಈಗ ಶಿವಮೊಗ್ಗದಲ್ಲಿ ಅದು ಸಾಧ್ಯವಾಗದಿದ್ದರೆ ಜರ್ಮನಿಯಲ್ಲಿ ಖಂಡಿತ ಸಾಧ್ಯವಾಗುವುದಿಲ್ಲ.

ಶರಾವತಿಯವರ ಸಲಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕುಟುಂಬ ಭಾರತದಲ್ಲಿಯೇ ಇದ್ದರೆ ತೆರಿಗೆ ವರ್ಗ ಮೂರರ ಬದಲು ಒಂದಾಗುತ್ತದೆ, ಕೈಗೆ ಬರುವ ಹಣ ತಿಂಗಳಿಗೆ ಸುಮಾರು 400 ಯೂರೋ ಇಳಿಯುತ್ತದೆ, ಮಕ್ಕಳ ಭತ್ಯೆಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಆರು ತಿಂಗಳಲ್ಲಿ ಕಾಲೇಜು, ಇಬ್ಬರು ಮಕ್ಕಳು, ಅತ್ತೆ ಮಾವ ಎಲ್ಲವೂ ಒಬ್ಬಳ ತಲೆಯ ಮೇಲೆ. ಎರಡು ಮೂರು ತಿಂಗಳ ಅಂತರ ಸಾಕು. ಮನೆ ಸಿಕ್ಕಿತೆಂದರೆ ಕರೆಸಿಕೊಳ್ಳಿ. ಅವರು ಡಿಸೆಂಬರ್ ಮುಗಿಯುವುದರೊಳಗೆ ಬಂದು ನೆಲೆಸಿದರೆ ಆ ವರ್ಷದ ತೆರಿಗೆ ವಿವರವನ್ನು ದಂಪತಿಗಳಾಗಿ ಜಂಟಿಯಾಗಿ ಸಲ್ಲಿಸಿ, ಹೆಚ್ಚು ಕಟ್ಟಿದ ಹಣವನ್ನು ವಾಪಸು ಪಡೆಯಲೂ ಅವಕಾಶವಿದೆ.

ಉತ್ತರ: ರಿಪ್ಪನ್‌ಪೇಟೆ ತೋಟಿಗ

ನೀವು ನನ್ನ ಮಗನ ವಯಸ್ಸಿನವರು ಎಂದುಕೊಂಡು ಬರೆಯುತ್ತಿದ್ದೇನೆ. ನನ್ನ ಮಗನೂ ಹೊರದೇಶದಲ್ಲಿದ್ದಾನೆ. ಜರ್ಮನಿಯ ಬಗ್ಗೆ ಉಳಿದವರು ಹೇಳಿದ್ದಾರೆ, ನಾನು ಈ ಕಡೆಯದನ್ನು ಹೇಳುತ್ತೇನೆ.

ನಿಮ್ಮ ತಂದೆಯವರು ಸುಮ್ಮನಿರುವುದಕ್ಕೆ ಕಾರಣ ತೋಟ ಇರಬಹುದು. ಹೋಗಬೇಡ ಎಂದು ಹೇಳಿದರೆ ಮಗನ ದಾರಿಗೆ ಅಡ್ಡ ಬಂದಂತೆ, ಹೋಗು ಎಂದರೆ ಬರುವ ಮಳೆಗಾಲಕ್ಕೆ ಔಷಧಿ ಹೊಡೆಯುವವರನ್ನು ಹುಡುಕುವವರು ಯಾರು ಎಂಬ ಚಿಂತೆ. ಮಳೆ ಹಿಡಿಯುವುದರೊಳಗೆ ಒಂದು ಸಲ, ನಡುವೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬೀಳದಿದ್ದರೆ ಕೊಳೆ ಕೇಳುವುದಿಲ್ಲ, ಮರ ಹತ್ತುವವರು ನಾವು ಕರೆದ ದಿನ ಬರುವುದಿಲ್ಲ. ಆದ್ದರಿಂದ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಡುವ ಮಾತನ್ನು ನೀವೇ ಎತ್ತಿ. ಕೈಗೆ ಬರುವುದು ಸ್ವಲ್ಪ ಕಡಿಮೆಯಾದರೂ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಯಾವುದೂ ಮುದುಕರ ಮೇಲೆ ಬೀಳುವುದಿಲ್ಲ. ಔಷಧಿ ಯಾರ ಪಾಲು ಎಂಬುದನ್ನು ಚೇಣಿದಾರರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಜಗಳ ಹುಟ್ಟುವುದು ಅಲ್ಲಿಯೇ.

ಎರಡನೆಯದು ಜಮೀನಿನ ಕಾಗದ. ಅನಿವಾಸಿ ಭಾರತೀಯರಾದ ಮೇಲೆ ನೀವು ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಹೊಸದಾಗಿ ಕೊಳ್ಳುವಂತಿಲ್ಲ. ಈಗಾಗಲೇ ಇರುವುದನ್ನು ಉಳಿಸಿಕೊಳ್ಳಬಹುದು, ವಾರಸುದಾರಿಕೆಯಿಂದ ಬರುವುದನ್ನೂ ಪಡೆಯಬಹುದು, ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು. ಪಕ್ಕದ ತುಂಡು ಜಮೀನು ಕೊಳ್ಳುವ ಯೋಚನೆ ಇದ್ದರೆ ಹೋಗುವ ಮೊದಲೇ ಮುಗಿಸಿ. ಪಹಣಿ ಅಜ್ಜನ ಹೆಸರಿನಲ್ಲಿಯೇ ನಿಂತಿದ್ದರೆ ಖಾತೆ ಬದಲಾವಣೆಯನ್ನೂ, ತಂಗಿಯ ಪಾಲಿನ ಮಾತನ್ನೂ ಈಗಲೇ ಮುಗಿಸಿಕೊಳ್ಳಿ. ನಿಮ್ಮ ಹೆಸರಿನಲ್ಲಿರುವ ಆಸ್ತಿಗೆ ತಂದೆಯವರ ಅಥವಾ ಪತ್ನಿಯ ಕಡೆಯ ನಂಬಿಕಸ್ಥರ ಹೆಸರಿಗೆ ಅಧಿಕಾರ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿಯೇ ನೋಂದಾಯಿಸಿ ಹೋಗಿ. ಅಲ್ಲಿಂದ ಮಾಡಿಸುವುದಾದರೆ ಭಾರತೀಯ ಕಾನ್ಸುಲೇಟ್‌ಗೆ ಓಡಬೇಕು, ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಆಸ್ಪತ್ರೆಯ ವಿಷಯವನ್ನು ನೀವು ಬರೆಯಲೇ ಇಲ್ಲ. ಆಗುಂಬೆ ಕಡೆಯವರು ದೊಡ್ಡ ಕಾಯಿಲೆಗೆ ಮಣಿಪಾಲಕ್ಕೆ ಇಳಿಯುತ್ತಾರೆ ಅಥವಾ ಶಿವಮೊಗ್ಗಕ್ಕೆ ಬರುತ್ತಾರೆ. ಮಳೆಗಾಲದಲ್ಲಿ ಘಾಟಿ ಕುಸಿದರೆ ಶಿವಮೊಗ್ಗವೇ ಗತಿ. ರಾತ್ರಿ ಹೊತ್ತು ಕರೆದರೆ ಜೀಪು ತರುವ ಒಬ್ಬರನ್ನು ಗೊತ್ತು ಮಾಡಿ, ಅವರ ಹತ್ತಿರ ನಿಮ್ಮ ಮತ್ತು ನಿಮ್ಮ ತಂಗಿಯ ಫೋನ್ ನಂಬರ್ ಇರಲಿ. ಶಿವಮೊಗ್ಗದ ಮನೆಯನ್ನು ಬಾಡಿಗೆಗೆ ಕೊಡಬೇಡಿ. ಮಳೆಗಾಲದ ಎರಡು ತಿಂಗಳು ಹಿರಿಯರು ಅಲ್ಲಿ ಬಂದು ಇರುವಂತಾಗಲಿ.

ಮರುಪ್ರಶ್ನೆ: ಮಾಲತಿತೀರ

ಎಲ್ಲರಿಗೂ ಕೃತಜ್ಞತೆಗಳು. ಹೊಸನಗರದವರು ಬರೆದಂತೆಯೇ ಪತ್ನಿಯನ್ನು ಕೇಳಿದೆ. ಕೆಲಸ ಬಿಡುವುದಕ್ಕಿಂತ, ಮುಂದೆ ಎಂದಾದರೂ ಕೆಲಸಕ್ಕೆ ಮರಳುತ್ತೇನೆಯೇ ಇಲ್ಲವೇ ಎಂಬುದು ತಿಳಿಯದಿರುವುದೇ ಕಷ್ಟ ಎಂದಳು. ಮಾತು ಇನ್ನೂ ನಡೆಯುತ್ತಿದೆ. ಎರಡು ಸಂದೇಹಗಳು ಉಳಿದಿವೆ. ಅಪ್ಪಯ್ಯ, ಅಮ್ಮನನ್ನು ಮುಂದೆ ಕಾಯಂ ಆಗಿ ಕರೆಸಿಕೊಳ್ಳಲು ಅವಕಾಶವಿದೆಯೇ? ಪ್ರತಿ ವರ್ಷ ಕೊಯ್ಲಿನ ಹೊತ್ತಿಗೆ ಒಂದು ತಿಂಗಳು ಊರಿಗೆ ಬರಲು ಸಾಧ್ಯವೇ?

ಉತ್ತರ: ಸಾಗರದ ಲೆಕ್ಕಿಗ

ಮೊದಲನೆಯದಕ್ಕೆ: 2024ರ ಮಾರ್ಚ್ 1ರ ನಂತರ ಮೊದಲ ಬಾರಿಗೆ ಜರ್ಮನಿಯ ವಾಸದ ಪರವಾನಗಿ ಪಡೆಯುವ ಕುಶಲ ಉದ್ಯೋಗಿಗಳು ತಂದೆ ತಾಯಿಯನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಾಗಿದೆ. ಆದರೆ ಅವರ ಜೀವನ ನಿರ್ವಹಣೆಯ ಜೊತೆಗೆ ಆರೋಗ್ಯ ವಿಮೆಯನ್ನೂ ನೀವೇ ತೋರಿಸಬೇಕು, ಆ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಖಾಸಗಿ ವಿಮೆ ಸಿಗುವುದು ಬಹಳ ಕಷ್ಟ. ಸಂದರ್ಶಕರಾಗಿ ಬಂದರೆ 180 ದಿನಗಳಲ್ಲಿ 90 ದಿನ ಇರಬಹುದು. ಇದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದಕ್ಕೆ: ಮಗಳು ಶಾಲೆಗೆ ಸೇರುವವರೆಗೆ ಸಾಧ್ಯ, ಆಮೇಲೆ ಇಲ್ಲ. ಶಾಲೆ ನಡೆಯುವ ದಿನಗಳಲ್ಲಿ ಮಗುವನ್ನು ಊರಿಗೆ ಕರೆದೊಯ್ದರೆ ದಂಡ ಬೀಳಬಹುದು. ದೊಡ್ಡ ರಜೆ ಇರುವುದು ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ, ಅಂದರೆ ನಿಮ್ಮ ಕಡೆ ಮಳೆ ಸುರಿಯುವಾಗ. ಕೊಯ್ಲಿನ ದಿನಗಳಲ್ಲಿ ಸಿಗುವುದು ಕ್ರಿಸ್‌ಮಸ್‌ನ ಎರಡು ವಾರ ಮಾತ್ರ, ಆಗ ವಿಮಾನದ ಟಿಕೆಟ್ ದರ ಮುಟ್ಟುವಂತಿರುವುದಿಲ್ಲ. ಆದ್ದರಿಂದ ಕೊಯ್ಲನ್ನು ತೋಟಿಗರು ಹೇಳಿದಂತೆ ಚೇಣಿಗೆ ಬಿಟ್ಟು, ಆಗಸ್ಟ್‌ನಲ್ಲಿ ಬಂದು ಎರಡನೆಯ ಸಲದ ಔಷಧಿಯನ್ನು ನೀವೇ ನಿಂತು ಹೊಡೆಸಿ. ಉತ್ತರ ಕೊಡಲು ಇನ್ನೂ ಎರಡು ವಾರ ಹೆಚ್ಚು ಸಮಯ ಬೇಕೆಂದು ಕಂಪನಿಗೆ ಇಂದೇ ಬರೆಯಿರಿ, ಸಾಮಾನ್ಯವಾಗಿ ಕೊಡುತ್ತಾರೆ. ಅದೇ ಪತ್ರದಲ್ಲಿ ಕುಟುಂಬದ ವಿಮಾನ ವೆಚ್ಚ, ಮೊದಲ ಮೂರು ತಿಂಗಳ ವಸತಿ ಮತ್ತು ಪತ್ನಿಯವರ ಭಾಷಾ ತರಗತಿಯ ಶುಲ್ಕವನ್ನು ಅವರೇ ಭರಿಸುತ್ತಾರೆಯೇ ಎಂದೂ ಕೇಳಿ.