ಫ್ರಂಟ್ ಲೋಡ್ ವಾಷಿಂಗ್ ಮಷಿನ್‌ನಿಂದ ನೀರು ಹೋಗ್ತಿಲ್ಲ, ಗುಂಯ್ ಅನ್ನೋ ಸದ್ದು ಮಾತ್ರ

ಪ್ರಶ್ನೆ:
7 ಕೆಜಿ ಫ್ರಂಟ್ ಲೋಡ್, ಐದು ವರ್ಷ ಹಳೆಯದು. ಒಗೆಯೋದು ಸರಿಯಾಗೇ ಆಗುತ್ತೆ, ನೀರು ಹೊರಗೆ ಹೋಗೋ ಹೊತ್ತಿಗೆ ಗುಂಯ್ ಅಂದು ನಿಂತುಬಿಡುತ್ತೆ. ಡ್ರಮ್ಮಲ್ಲಿ ನೀರು, ಬಾಗಿಲೂ ತೆಗೆಯೋಕಾಗಲ್ಲ. ನೋಡಿದವರು ಪಂಪ್ ಬದಲಿಸಬೇಕು ಅಂದ್ರು. ಬೇರೆ ದಾರಿ ಇದೆಯಾ?

ಉತ್ತರ 1:
ಸದ್ದು ಬರ್ತಿದೆ ಅಂದ್ರೆ ಪಂಪ್‌ಗೆ ಕರೆಂಟ್ ತಲುಪ್ತಿದೆ, ಒಳಗಿನ ರೆಕ್ಕೆ ಸಿಕ್ಕಿಕೊಂಡಿರಬಹುದು. ಪಂಪ್ ಮುಂದೆ ಕಸ ತಡೆಯೋ ಫಿಲ್ಟರ್ ಬಿಚ್ಚಿ ನೋಡದೆ ಪಂಪ್‌ಗೆ ದುಡ್ಡು ಹಾಕಬೇಡಿ.

ಮೊದಲು ಪ್ಲಗ್ ಕಿತ್ತು ನಲ್ಲಿ ಮುಚ್ಚಿ. ಬಿಸಿನೀರಲ್ಲಿ ಒಗೆದಿದ್ದರೆ ಆರಲಿ. ಮಷಿನ್ ಮುಂಭಾಗ, ಕೆಳಗಡೆ ಮೂಲೆಯಲ್ಲಿ ಚಿಕ್ಕ ಮುಚ್ಚಳ ಇರುತ್ತೆ, ಫಿಲ್ಟರ್ ಅದರ ಹಿಂದೆ. ಅಲ್ಲೇ ಬೆರಳು ಗಾತ್ರದ ಪೈಪ್ ಇದ್ದರೆ ಬಿರಡೆ ತೆಗೆದು ನೀರು ಬಿಡಿ. ಅಲ್ಲಿ ಬಕೆಟ್ ತೂರಲ್ಲ, ಅಗಲದ ತಟ್ಟೆಯೇ ಗತಿ. ಹತ್ತು ಲೀಟರ್ ಮೇಲೂ ಬರಬಹುದು, ತಟ್ಟೆ ತುಂಬಿದಾಗೆಲ್ಲ ಬಿರಡೆ ಹಾಕಿ ಚೆಲ್ಲಿ ಬನ್ನಿ. ಪೈಪ್ ಇಲ್ಲದಿದ್ದರೆ ಫಿಲ್ಟರನ್ನೇ ಸ್ವಲ್ಪ ಸ್ವಲ್ಪ ಸಡಿಲಿಸಬೇಕು. ಪೂರ್ತಿ ಬಿಚ್ಚಿದರೆ ನೆಲವೆಲ್ಲ ಕೆರೆ.

ಖಾಲಿಯಾದ ಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎಳೆದು, ಆ ಗೂಡಿಗೆ ಟಾರ್ಚ್ ಬಿಡಿ. ನಾಣ್ಯ, ಗುಂಡಿ, ಸೇಫ್ಟಿ ಪಿನ್, ರೆಕ್ಕೆಗೆ ಸುತ್ತಿದ ಕೂದಲು, ದಾರ, ಇವೇ ಸಿಗೋದು. ತೆಗೆದು ಪೆನ್ಸಿಲ್ಲಿಂದ ರೆಕ್ಕೆ ತಿರುಗಿಸಿ. ತಡೆತಡೆದು ತಿರುಗಿದರೆ ಸರಿಯಾಗೇ ಇದೆ, ಒಳಗಿನ ಆಯಸ್ಕಾಂತ ಹಿಡಿದು ಬಿಡುತ್ತಿರುತ್ತೆ. ಗಿರ್ರನೆ ಸಲೀಸಾಗಿ ಸುತ್ತಿದರೆ ಒಳಗೆ ಮುರಿದಿರಬಹುದು, ಆಗ ಪಂಪ್ ಬದಲಿಸೋದು ನ್ಯಾಯ. ಫಿಲ್ಟರ್ ವಾಪಸ್ ಹಾಕುವಾಗ ರಬ್ಬರ್ ರಿಂಗ್ ಒರೆಸಿ, ಒಂದು ಮರಳ ಕಣ ಇದ್ದರೂ ಸೋರುತ್ತೆ.

ಉತ್ತರ 2:
ಫಿಲ್ಟರಲ್ಲಿ ಏನೂ ಸಿಗದಿದ್ದರೆ ಮಷಿನ್ ಹಿಂಬದಿಯ, ನೀರು ಹೊರಬಿಡೋ ಪೈಪ್ ನೋಡಿ. ಮಷಿನ್ ಗೋಡೆಗೆ ಒತ್ತಿ ಅದು ಮಡಚಿಕೊಂಡಿರುತ್ತೆ. ನಮ್ಮ ಕಡೆ ಪೈಪನ್ನು ಬಚ್ಚಲ ನೆಲಕ್ಕೆ ಬಿಟ್ಟುಬಿಡೋ ಅಭ್ಯಾಸ ಬೇರೆ. ಸಾಮಾನ್ಯವಾಗಿ ಅದರ ಬಾಯಿ ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕು. ಕೆಳಗಿದ್ದರೆ ತುಂಬಿದ ನೀರು ತಾನಾಗೇ ಹರಿದುಹೋಗುತ್ತೆ, ಮಷಿನ್ ತುಂಬ್ತಾನೇ ಇರುತ್ತೆ.

ಪ್ರಶ್ನೆ ಕೇಳಿದವರು:
ಎರಡು ಹೇರ್‌ಪಿನ್, ಒಂದು ರೂಪಾಯಿ ನಾಣ್ಯ! ನೀರು ಹೋಯ್ತು. ಈಗ ಸ್ಪಿನ್ ಆಗ್ತಿಲ್ಲ. ಹಾಕಿದ್ದು ಒಂದೇ ಒಂದು ದಪ್ಪ ಹೊದಿಕೆ.

ಉತ್ತರ 1:
ಅದೇ ಕಾರಣ. ನೀರು ಕುಡಿದ ಹೊದಿಕೆ ಮುದ್ದೆಯಾಗಿ ಒಂದೇ ಕಡೆ ಭಾರ ಬೀಳುತ್ತೆ. ಮಷಿನ್ ತಾನೇ ಡ್ರಮ್ ಎರಡು ಮೂರು ಸಲ ಹೊರಳಿಸಿ ನೋಡುತ್ತೆ, ಸಮ ಆಗದಿದ್ದರೆ ಸ್ಪಿನ್ ಕೈಬಿಡುತ್ತೆ. ಬಿಡಿಸಿ ಹರಡಿ, ಜೊತೆಗೆ ಎರಡು ಟವೆಲ್ ಹಾಕಿ ಸ್ಪಿನ್ ಮಾತ್ರ ಕೊಡಿ.

ಆಗಲೂ ಆಗದಿದ್ದರೆ ನೊರೆ ಇದೆಯಾ ನೋಡಿ. ಕೈಲಿ ಒಗೆಯೋ ಪುಡಿ ಹಾಕಿದರೆ ನೊರೆಯಲ್ಲೇ ಸ್ಪಿನ್ ನಿಲ್ಲುತ್ತೆ. ಪುಡಿ ಹಾಕದೆ ಒಂದು ಸಲ ಜಾಲಿಸಿ.

ಉತ್ತರ 2:
ಕೊನೆಗೆ ನೋಡಬೇಕಾದ್ದು ಪ್ರೆಶರ್ ಸ್ವಿಚ್‌ಗೆ (ಡ್ರಮ್ಮಲ್ಲಿ ನೀರು ಎಷ್ಟಿದೆ ಅಂತ ತಿಳಿಯೋ ಸ್ವಿಚ್) ಹೋಗೋ ಸಣ್ಣ ರಬ್ಬರ್ ಕೊಳವೆ. ಅದರ ಬುಡದಲ್ಲಿ ಸೋಪಿನ ಲೋಳೆ ಕಟ್ಟಿದರೆ ಡ್ರಮ್ ಖಾಲಿಯಿದ್ದರೂ ನೀರಿದೆ ಅಂತಲೇ ಮಷಿನ್ ನಡೆಸೋ ಬೋರ್ಡ್ ಅಂದುಕೊಳ್ಳುತ್ತೆ, ಸ್ಪಿನ್ ಕೊಡಲ್ಲ. ಪ್ಲಗ್ ಕಿತ್ತು, ಸ್ವಿಚ್ ಕಡೆಯ ತುದಿ ಬಿಡಿಸಿ ಕೊಳವೆಗೆ ಊದಿ. ಸ್ವಿಚ್ ಒಳಕ್ಕೆ ಊದಬೇಡಿ, ಒಳಗಿನ ಪರೆ ಹಾಳಾಗುತ್ತೆ.